ನಲವತ್ತಾರು ತಂತಿಗಳ ಸಹವಾಸ

ನಾದ ವಿಚಾರ: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಮಿಶಿಗನ್‌ನಲ್ಲಿ ಒಂಬತ್ತು ವರ್ಷ ನೆಲೆಸಿದ್ದಾಗ ಕೊಂಡು, ಊರಿಗೆ ಮರಳುವಾಗ ಜೊತೆಗೆ ತಂದ ನನ್ನ ಹ್ಯಾಮರ್ಡ್ ಡಲ್ಸಿಮರ್ (ಕೋಲುಗಳಿಂದ ಬಡಿದು ನುಡಿಸುವ ತಂತಿವಾದ್ಯ) ಬಗ್ಗೆ ಹಿಂದಿನ ಸಂಚಿಕೆಯೊಂದರಲ್ಲಿ ಎರಡು ಸಾಲು ಬರೆದಿದ್ದೆ. ಅದನ್ನು ಓದಿ ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು, ಈ ಸಲದ ಅಂಕಣವನ್ನು ಪೂರ್ತಿಯಾಗಿ ಆ ವಾದ್ಯಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿರುವ ನನ್ನ ಮಗ ಕೈಯಿಂದ ತಯಾರಿಸಿದ ಹ್ಯಾಮರ್ಡ್ ಡಲ್ಸಿಮರ್ ಕೊಂಡು ಅದರ ಚಿತ್ರ ಕಳಿಸಿದ್ದಾನೆ. ನೋಡಿದರೆ ಸಂತೂರಿನಂತೆಯೇ ಇದೆ. ಎರಡೂ ಒಂದೇ ವಾದ್ಯವೇ? (ಶಿವಮೊಗ್ಗ)

ಉತ್ತರ: ಒಂದೇ ಮನೆತನದ ವಾದ್ಯಗಳು, ಆದರೆ ಒಂದೇ ವಾದ್ಯವಲ್ಲ. ಒಂದು ಬದಿ ಅಗಲವಾಗಿ ಇನ್ನೊಂದು ಬದಿ ಕಿರಿದಾಗುವ ಮರದ ಪೆಟ್ಟಿಗೆ, ಅದರ ಮೇಲೆ ಬಿಗಿದ ಲೋಹದ ತಂತಿಗಳು, ಆ ತಂತಿಗಳನ್ನು ಮೃದುವಾಗಿ ಬಡಿಯುವ ಎರಡು ಹಗುರವಾದ ಕೋಲುಗಳು, ಇಷ್ಟು ಈ ಮನೆತನದ ಎಲ್ಲರಲ್ಲೂ ಕಾಣುವ ಲಕ್ಷಣ. ಇರಾನಿನ ಸಂತೂರ್, ಚೀನಾದ ಯಾಂಗ್‌ಚಿನ್, ಹಂಗೇರಿಯ ಸಿಂಬಲೋಮ್, ಆಲ್ಪ್ಸ್ ಸೀಮೆಯ ಹಾಕ್‌ಬ್ರೆಟ್ ಎಲ್ಲವೂ ದಾಯಾದಿಗಳೇ. ಕಾಶ್ಮೀರದಲ್ಲಿ ಸೂಫಿಯಾನಾ ಗಾಯನದ ಜೊತೆಗಿದ್ದ ಸಂತೂರಿಗೆ ಸಾಂಪ್ರದಾಯಿಕವಾಗಿ 25 ಕುದುರೆಗಳು (ತಂತಿಗಳನ್ನು ಹೊತ್ತು ನಿಲ್ಲುವ ಮರದ ಆಸರೆಗಳು), ಕುದುರೆಗೆ ನಾಲ್ಕರಂತೆ 100 ತಂತಿಗಳು; ಅದನ್ನು ಹಿಂದೂಸ್ತಾನಿ ಕಛೇರಿಯ ವೇದಿಕೆಗೆ ಏರಿಸಿದವರು ಪಂಡಿತ್ ಶಿವಕುಮಾರ್ ಶರ್ಮ (1938–2022).

ನಿಮ್ಮ ಮಗನ ವಾದ್ಯದಲ್ಲಿ ತಂತಿಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿರುತ್ತವೆ. ನನ್ನದು ಅಲ್ಲಿಯವರು ‘12/11’ ಎಂದು ಕರೆಯುವ ಮಾದರಿ: ಮೇಲಿನ ಸ್ವರಗಳಿಗೆ 12 ಜೋಡಿ, ಮಂದ್ರಕ್ಕೆ 11 ಜೋಡಿ, ಒಟ್ಟು 46 ತಂತಿಗಳು. ಸಂತೂರಿನಲ್ಲಿ ಪ್ರತಿ ಸ್ವರಕ್ಕೂ ಬಿಡಿ ಕುದುರೆಯಿದ್ದರೆ, ಇಲ್ಲಿ ಎರಡು ಉದ್ದನೆಯ ಕುದುರೆಗಳು ಮಾತ್ರ ಪೆಟ್ಟಿಗೆಯ ಮೇಲೆ ನಿಂತಿರುತ್ತವೆ. ಮಿಶಿಗನ್ ಈ ವಾದ್ಯದ ತವರುಗಳಲ್ಲಿ ಒಂದು. ಮರ ಕಡಿಯುವವರ ಬಿಡಾರಗಳಲ್ಲಿ ಇದಕ್ಕೆ ‘ಮರಕಡಿಯುವವರ ಪಿಯಾನೊ’ ಎಂಬ ಹೆಸರೇ ಇತ್ತು. 1920ರ ದಶಕದಲ್ಲಿ ಮೋಟಾರು ಉದ್ಯಮಿ ಹೆನ್ರಿ ಫೋರ್ಡ್, ಡಿಯರ್‌ಬಾರ್ನ್‌ನಲ್ಲಿ ಹಳೆಯ ಕುಣಿತಗಳಿಗಾಗಿ ಕಟ್ಟಿದ ವಾದ್ಯವೃಂದದಲ್ಲಿ ಡಲ್ಸಿಮರ್‌ಗೂ ಜಾಗ ಕೊಟ್ಟಿದ್ದರು. ನುಡಿಸುವವರು ವಿರಳವಾಗುತ್ತಿದ್ದ ಕಾಲದಲ್ಲಿ, 1963ರಲ್ಲಿ, ಅದೇ ರಾಜ್ಯದಲ್ಲಿ ‘ಒರಿಜಿನಲ್ ಡಲ್ಸಿಮರ್ ಪ್ಲೇಯರ್ಸ್ ಕ್ಲಬ್’ ಹುಟ್ಟಿತು. ಬೇಸಿಗೆಯಲ್ಲಿ ಎವಾರ್ಟ್ ಎಂಬ ಸಣ್ಣ ಊರಿನಲ್ಲಿ ಅವರು ನಡೆಸುವ ಮೇಳಕ್ಕೆ ಮಗನನ್ನು ಕಳಿಸಿ. ಮರದ ನೆರಳಿನಲ್ಲಿ ವೃತ್ತಾಕಾರವಾಗಿ ಕುಳಿತು ಅಪರಿಚಿತರು ಒಟ್ಟಿಗೆ ನುಡಿಸುವುದನ್ನು ನಾನು ಮೊದಲು ಕಂಡದ್ದು ಅಲ್ಲಿಯೇ.

ಒಂದು ಎಚ್ಚರಿಕೆ: ಅಪಲೇಚಿಯನ್ ಬೆಟ್ಟಸೀಮೆಯಲ್ಲಿ ತೊಡೆಯ ಮೇಲಿಟ್ಟು ಮೀಟುವ ಮೂರು ನಾಲ್ಕು ತಂತಿಯ ವಾದ್ಯವನ್ನೂ ಡಲ್ಸಿಮರ್ ಎಂದೇ ಕರೆಯುತ್ತಾರೆ. ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ನಾನು ಪಿಟೀಲು ಕಲಿತವಳು. ಗಮಕವೇ (ಸ್ವರವನ್ನು ಅಲುಗಾಡಿಸಿ ನುಡಿಸುವುದು) ಬಾರದ ವಾದ್ಯದಲ್ಲಿ ಕರ್ನಾಟಕ ಸಂಗೀತ ಪ್ರಿಯರಿಗೆ ಏನು ಸುಖವಿದೆ? (ಮೈಸೂರು)

ಉತ್ತರ: ಈ ಪ್ರಶ್ನೆಯನ್ನು ನಾನೇ ನನಗೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಗಮಕ ಬಾರದು ಎಂಬುದು ನಿಜ. ತೋಡಿ ರಾಗದ ಗಾಂಧಾರವನ್ನು ಇದರಲ್ಲಿ ಅಲುಗಾಡಿಸಲಾಗದು, ಅಲುಗಾಡಿಸದ ತೋಡಿ ನನ್ನ ಕಿವಿಗೆ ತೋಡಿಯೇ ಅಲ್ಲ. ಆದರೆ ಈ ಪೆಟ್ಟಿಗೆಯ ಒಳಗೆ ನಮ್ಮ ಸಂಗೀತಶಾಸ್ತ್ರದ ಒಂದು ಪಾಠ ಮರದಲ್ಲೇ ಕೆತ್ತಿಟ್ಟಂತೆ ಇದೆ, ಅದನ್ನು ಕಂಡುಕೊಂಡ ದಿನದ ಸಂತೋಷ ನನ್ನಲ್ಲಿ ಇನ್ನೂ ಆರಿಲ್ಲ.

ಎಡಭಾಗದ ಕುದುರೆಯನ್ನು ಗಮನಿಸಿ. ಅದು ತಂತಿಯನ್ನು ಎರಡಕ್ಕೆ ಮೂರರ ಪ್ರಮಾಣದಲ್ಲಿ ಭಾಗ ಮಾಡುತ್ತದೆ. ಆದ್ದರಿಂದ ಒಂದೇ ತಂತಿಯನ್ನು ಕುದುರೆಯ ಬಲಕ್ಕೆ ಬಡಿದರೆ ಷಡ್ಜ, ಎಡಕ್ಕೆ ಬಡಿದರೆ ಪಂಚಮ. ಕುದುರೆಯ ಮೇಲೆ ಬೇರೆ ಬಣ್ಣದ ಗುರುತಿರುವ ಜೋಡಿಯಿಂದ ಹೊರಟು ಬಲಬದಿಯಲ್ಲಿ ಮೇಲಕ್ಕೆ ಸರಿಯುತ್ತ ನಾಲ್ಕು ಜೋಡಿ ಬಡಿದರೆ ಸ ರಿ ಗ ಮ. ಮತ್ತೆ ಮೊದಲ ಜೋಡಿಗೆ ಬಂದು ಎಡಬದಿಯಲ್ಲಿ ಅದೇ ನಾಲ್ಕನ್ನು ಬಡಿದರೆ ಪ ದ ನಿ ಸ. ಪೂರ್ವಾಂಗ (ಮೊದಲ ನಾಲ್ಕು ಸ್ವರ) ಬಲಕ್ಕೆ, ಉತ್ತರಾಂಗ (ಮೇಲಿನ ನಾಲ್ಕು) ಎಡಕ್ಕೆ, ಎರಡೂ ಒಂದೇ ನಾಲ್ಕು ಜೋಡಿಗಳ ಮೇಲೆ. ಹೀಗೆ ಸಿಗುವುದು ಶಂಕರಾಭರಣ ರಾಗದ ಸ್ವರಗಳು.

ಈಗ ರಿಷಭದ ಜೋಡಿಯ ಎರಡು ಬಿರಡೆಗಳನ್ನು ಮಾತ್ರ ಸಡಿಲಿಸಿ ಅರ್ಧ ಸ್ವರ ಇಳಿಸಿ ನೋಡಿ. ಬಲಕ್ಕೆ ಶುದ್ಧ ರಿಷಭ ಬಂತು. ಅದೇ ತಂತಿಯ ಎಡಭಾಗದಲ್ಲಿ ಧೈವತವೂ ತಾನಾಗಿಯೇ ಶುದ್ಧ ಧೈವತವಾಯಿತು. ಮುಂದೆ ಕುಳಿತಿರುವುದು ಮಾಯಾಮಾಳವಗೌಳ! ರಿಷಭವನ್ನು ಮೊದಲಿನಂತೆ ಬಿಗಿದು ಗಾಂಧಾರದ ಜೋಡಿಯನ್ನು ಇಳಿಸಿದರೆ, ನಿಷಾದವೂ ಜೊತೆಯಲ್ಲೇ ಇಳಿದು ಖರಹರಪ್ರಿಯ. ಎರಡೂ ಅಂಗಗಳು ಒಂದೇ ಅಚ್ಚಿನಲ್ಲಿರುವ ಮೇಳರಾಗಗಳಿಗೆ ಮಾತ್ರ ಇದು ಒದಗುತ್ತದೆ, ಕಲ್ಯಾಣಿಯಲ್ಲಿ ಈ ಉಪಾಯ ನಡೆಯದು. ಆ ಸಾಮ್ಯವನ್ನು ಪುಸ್ತಕದಲ್ಲಿ ಓದಿ ಬಾಯಿಪಾಠ ಮಾಡಿದ್ದ ನನಗೆ, ಕೈಯಲ್ಲಿ ಎರಡು ಬಿರಡೆ ತಿರುಗಿಸಿದಾಗ ಅದು ಮೊದಲ ಬಾರಿಗೆ ಅರ್ಥವಾಯಿತು.

ಪುರಂದರದಾಸರ ಹೆಸರಿನಲ್ಲಿ ನಾವೆಲ್ಲ ಕಲಿತ ಜಂಟಿವರಸೆಯಂತೂ ಈ ವಾದ್ಯಕ್ಕೆಂದೇ ಹೇಳಿ ಮಾಡಿಸಿದಂತಿದೆ. ಸಸ ರಿರಿ ಗಗ ಮಮ ಎನ್ನುವಾಗ ಒಂದು ಪೆಟ್ಟು ಬಲಗೈಯದು, ಒಂದು ಎಡಗೈಯದು. ಎರಡರ ತೂಕ ಸಮವಾಗಿಲ್ಲದಿದ್ದರೆ ಆ ಕ್ಷಣವೇ ಕಿವಿಗೆ ತಿಳಿಯುತ್ತದೆ. ಅದು ಪಳಗಿದ ಮೇಲೆ ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ ಸಾಹಿತ್ಯಗಳಿಗೆ ಬನ್ನಿ. ಪಾಶ್ಚಾತ್ಯ ಮಟ್ಟುಗಳನ್ನು ಕೇಳಿ, ಶಂಕರಾಭರಣದ ಸ್ವರಗಳಲ್ಲಿ, ಗಮಕವಿಲ್ಲದೆ ದೀಕ್ಷಿತರು ಕಟ್ಟಿದ ಈ ಕಿರು ರಚನೆಗಳಲ್ಲಿ ಕೆಲವು ಐರ್ಲೆಂಡ್ ಸ್ಕಾಟ್ಲೆಂಡ್‌ಗಳ ಮಟ್ಟುಗಳು. ಅಮೆರಿಕದ ಡಲ್ಸಿಮರ್ ವಾದಕರ ನಿತ್ಯದ ಬುತ್ತಿಯಲ್ಲಿ ಬಹುಪಾಲು ಆ ಸೀಮೆಯಿಂದಲೇ ಬಂದದ್ದು. ಎವಾರ್ಟ್‌ನಲ್ಲಿ ನಾನು ಒಂದು ನೊಟ್ಟುಸ್ವರ ಎತ್ತಿಕೊಂಡಾಗ, ಪಕ್ಕದಲ್ಲಿದ್ದ ಹಿರಿಯರೊಬ್ಬರು ಯಾವ ಪರಿಚಯವೂ ಬೇಕಿಲ್ಲದೆ ಎರಡನೆಯ ಆವರ್ತಕ್ಕೆ ಜೊತೆ ಸೇರಿದರು.

ಇನ್ನು ಅನುರಣನದ ಸುಖ. ಬಡಿದ ತಂತಿಯನ್ನು ಅದುಮುವ ಏರ್ಪಾಡು ಹೆಚ್ಚಿನ ವಾದ್ಯಗಳಲ್ಲಿ ಇರುವುದಿಲ್ಲವಾದ್ದರಿಂದ ಹಿಂದಿನ ಸ್ವರ ಆರುವ ಮುಂಚೆಯೇ ಮುಂದಿನದು ಏಳುತ್ತದೆ. ಚಿಕ್ಕದೊಂದು ಕಾಗದದ ಚೂರನ್ನು ಮಡಚಿ ತಾರ ಷಡ್ಜದ ತಂತಿಯ ಮೇಲೆ ಕೂರಿಸಿ, ಮಧ್ಯ ಷಡ್ಜವನ್ನು ಬಡಿಯಿರಿ. ಯಾರೂ ಮುಟ್ಟದ ತಂತಿಯ ಮೇಲೆ ಕಾಗದ ನಡುಗುವುದು ಕಾಣುತ್ತದೆ. ತಂಬೂರಿಯನ್ನು ಮಡಿಲಲ್ಲಿಟ್ಟುಕೊಂಡು ಬೆಳೆದ ಕಿವಿಗೆ ಇದು ಪರಕೀಯವೆನಿಸಲು ಸಾಧ್ಯವೇ ಇಲ್ಲ.

ಪ್ರಶ್ನೆ: ನನಗೆ ಅರವತ್ತನಾಲ್ಕು ವರ್ಷ. ಈಗ ಶುರುಮಾಡಬಹುದೇ? (ಹುಬ್ಬಳ್ಳಿ)

ಉತ್ತರ: ಖಂಡಿತ ಶುರುಮಾಡಿ. ಪಿಟೀಲಿನಲ್ಲಿ ಒಂದು ಶುದ್ಧ ಸ್ವರ ಹೊರಡಿಸಲು ತಿಂಗಳುಗಳು ಬೇಕು. ಇಲ್ಲಿ ಶ್ರುತಿ ಮಾಡಿಟ್ಟ ವಾದ್ಯ ಮೊದಲ ಪೆಟ್ಟಿಗೇ ಇಂಪಾಗಿ ನುಡಿಯುತ್ತದೆ. ಬೆರಳ ತುದಿ ನೋಯುವುದಿಲ್ಲ, ಬಲವೂ ಬೇಕಿಲ್ಲ, ಕೋಲು ತನ್ನ ಭಾರದಿಂದಲೇ ಬಿದ್ದು ಪುಟಿಯಲು ಬಿಟ್ಟರಾಯಿತು. ಮಣಿಕಟ್ಟು ಸಡಿಲವಾಗಿರಲಿ. ಏಳೆಂಟು ಕಿಲೋ ತೂಗುವ ಪೆಟ್ಟಿಗೆಯನ್ನು ಎತ್ತಿ ಇಳಿಸಲು ಮಾತ್ರ ಯಾರನ್ನಾದರೂ ಕರೆಯಿರಿ.

ಪ್ರಶ್ನೆ: ಡೆಟ್ರಾಯ್ಟ್ ಸಮೀಪದಲ್ಲಿದ್ದೇವೆ. ಕೈಕೆಲಸದ ವಾದ್ಯಕ್ಕೆ ಹೇಳುವ ಬೆಲೆಯಲ್ಲಿ ಅಗ್ಗದ ವಾದ್ಯಗಳು ಎರಡು ಮೂರು ಬರುತ್ತವೆ. ಅಷ್ಟು ವ್ಯತ್ಯಾಸ ನಿಜಕ್ಕೂ ಇದೆಯೇ? (ಮಿಶಿಗನ್)

ಉತ್ತರ: ಇದೆ. ಆ ವ್ಯತ್ಯಾಸ ಹೊರಗಿನ ಹೊಳಪಿನಲ್ಲಿಲ್ಲ, ಪೆಟ್ಟಿಗೆಯ ಒಳಗಿದೆ. ನಲವತ್ತಾರು ತಂತಿಗಳು ಒಟ್ಟಾಗಿ ನೂರಾರು ಕಿಲೋ ಬಲದಿಂದ ಆ ಪೆಟ್ಟಿಗೆಯನ್ನು ಹಗಲೂ ರಾತ್ರಿ ಒಳಕ್ಕೆ ಎಳೆಯುತ್ತಿರುತ್ತವೆ. ಬಿರಡೆಗಳನ್ನು ಹಿಡಿದಿರುವ ಅಂಚಿನ ದಿಮ್ಮಿ ಗಟ್ಟಿ ಮೇಪಲ್ ಮರದ್ದಾಗಿದ್ದು, ಕೀಲುಗಳು ಸರಿಯಾಗಿ ಕೂಡಿದ್ದರೆ ಅದು ದಶಕಗಟ್ಟಲೆ ಬಾಳುತ್ತದೆ. ಇಲ್ಲವಾದರೆ ಬಿರಡೆ ಸಡಿಲವಾಗಿ, ಚೌಕಟ್ಟು ಸೊಟ್ಟಗಾಗಿ, ಶ್ರುತಿ ನಿಲ್ಲುವುದೇ ಇಲ್ಲ. ಇತ್ತ ಮೇಲಿನ ನಾದಹಲಗೆ ತೆಳ್ಳಗಿರಬೇಕು, ಹಗುರವಾಗಿ ಕಂಪಿಸಬೇಕು. ಭಾರ ಹೊರುವುದಕ್ಕೂ ಕಂಪಿಸುವುದಕ್ಕೂ ನಡುವಿನ ಈ ತಿಕ್ಕಾಟವನ್ನು ಪ್ರತಿ ಹಲಗೆಯನ್ನೂ ಕೈಯಲ್ಲಿ ಹಿಡಿದು ಅಳೆಯುವವನೇ ಚೆನ್ನಾಗಿ ಬಗೆಹರಿಸಬಲ್ಲ.

ನನಗೆ ವಾದ್ಯ ಮಾಡಿಕೊಟ್ಟವರು ಕೊಟ್ಟಿಗೆಯೊಂದನ್ನು ಕಾರ್ಯಾಗಾರ ಮಾಡಿಕೊಂಡಿದ್ದರು. ಸ್ಪ್ರೂಸ್ ಮರದ ಹಲಗೆಯೊಂದರ ಅಂಚನ್ನು ಎರಡು ಬೆರಳಲ್ಲಿ ತೂಗುಹಾಕಿ ಹಿಡಿದು, ಇನ್ನೊಂದು ಕೈಯ ಗೆಣ್ಣಿನಿಂದ ತಟ್ಟಿ, ನನ್ನ ಕಿವಿಯ ಹತ್ತಿರ ತಂದರು. ಟಕ್ ಎಂದು ಸಾಯುವ ಬದಲು ಆ ಹಲಗೆ ಗುಂಯ್ ಎಂದು ನಿಂತಿತು. ಪಕ್ಕದಲ್ಲಿದ್ದ ಇನ್ನೊಂದನ್ನು ತಟ್ಟಿದರು, ಅದು ಬೇಗ ಮೌನವಾಯಿತು. ನೋಡಲು ಎರಡಕ್ಕೂ ಕೂದಲೆಳೆಯ ಭೇದವಿರಲಿಲ್ಲ. ಮೊದಲನೆಯದೇ ಇಂದು ನನ್ನ ವಾದ್ಯದ ಮೇಲ್ಮೈಯಾಗಿದೆ. ಬೆಳಿಗ್ಗೆ ಹೊದಿಕೆ ಸರಿಸಿದಾಗ ಆ ನೇರವಾದ ನಾರುಗೆರೆಗಳ ಮೇಲೆ ಬೆಳಕು ಬೀಳುವುದನ್ನು ನೋಡುತ್ತ, ನುಡಿಸುವ ಮುಂಚೆಯೇ ಹತ್ತು ನಿಮಿಷ ಸುಮ್ಮನೆ ಕುಳಿತುಬಿಡುತ್ತೇನೆ.

ಇಂಥವರಿಂದ ಕೊಂಡರೆ ಇನ್ನೊಂದು ಅನುಕೂಲವಿದೆ. ಎರಡನೆಯ ವರ್ಷ ನನ್ನ ವಾದ್ಯದಲ್ಲಿ ಒಂದು ಜೋಡಿ ಜುಂಯ್‌ಗುಡಲು ಶುರುವಾದಾಗ ಫೋನ್‌ನಲ್ಲಿ ಆ ಸದ್ದನ್ನು ಕೇಳಿಸಿದೆ. ಅಂಚಿನ ಆಧಾರಪಟ್ಟಿಯ ಮೇಲೆ ತಂತಿ ಪೂರ್ತಿ ಕುಳಿತಿಲ್ಲ, ಉಗುರಿನಿಂದ ಒತ್ತಿ ನೋಡಿ ಎಂದರು. ಒತ್ತಿದೆ, ಸದ್ದು ನಿಂತಿತು. ಕೊಳ್ಳುವ ಮುನ್ನ ನೀವು ನೋಡಬೇಕಾದದ್ದು ಇಷ್ಟು: ಮಂದ್ರದ ತಂತಿ ಮಸುಕಾಗಿ ಮುಲುಗದೆ ಸ್ಪಷ್ಟವಾಗಿ ನುಡಿಯುತ್ತದೆಯೇ, ತಾರದ ಕೊನೆಯ ಜೋಡಿಗಳು ತಗಡು ಬಡಿದಂತಾಗದೆ ದುಂಡಗೆ ಕೇಳುತ್ತವೆಯೇ, ಬಿರಡೆ ತಿರುಗಿಸುವಾಗ ಜಾರದೆ ಬಿಗಿಯಾಗಿದೆಯೇ. ಕೋಲುಗಳನ್ನೂ ಬದಲಿಸಿ ಬದಲಿಸಿ ಪರೀಕ್ಷಿಸಿ. ಬರೀ ಮರದ ತಲೆಯ ಕೋಲು ಮಿಂಚಿನಂತೆ ನುಡಿಸಿದರೆ, ಮೆತ್ತನೆಯ ಚರ್ಮ ಅಂಟಿಸಿದ್ದು ಅದೇ ತಂತಿಯನ್ನು ಲಾಲಿಗೆ ಒಗ್ಗಿಸುತ್ತದೆ.

ಪ್ರಶ್ನೆ: ಮಗಳು ವಿದೇಶದಿಂದ ತಂದ ಡಲ್ಸಿಮರ್ ನಮ್ಮ ಮನೆಯಲ್ಲಿದೆ. ಮಳೆಗಾಲ ಬಂದರೆ ಶ್ರುತಿ ಎಲ್ಲೆಲ್ಲೋ ಹೋಗುತ್ತದೆ. ಇಷ್ಟೊಂದು ತಂತಿಗಳನ್ನು ಶ್ರುತಿ ಮಾಡುವುದೇ ದೊಡ್ಡ ಶಿಕ್ಷೆಯಾಗಿದೆ. (ಉಡುಪಿ)

ಉತ್ತರ: ಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ. ನಾದಹಲಗೆ ಉಬ್ಬಿ ಕುದುರೆಗಳನ್ನು ಮೇಲೆತ್ತಿದಾಗ ಶ್ರುತಿ ಏರುತ್ತದೆ. ಒಣಹವೆಯಲ್ಲಿ ಹಲಗೆ ಕುಗ್ಗಿ ಶ್ರುತಿ ಇಳಿಯುತ್ತದೆ. ಮಿಶಿಗನ್‌ನ ಚಳಿಗಾಲದಲ್ಲಿ ಮನೆಯೊಳಗಿನ ಬಿಸಿಗಾಳಿ ಒಣಗಿಸಿ ಹಲಗೆ ಬಿರುಕು ಬಿಡದಂತೆ ಕೋಣೆಗೆ ತೇವ ಕೊಡುತ್ತಿದ್ದೆವು, ಕರಾವಳಿಯಲ್ಲಿ ನೀವು ತೇವ ತೆಗೆಯಬೇಕು. ಸಾಪೇಕ್ಷ ಆರ್ದ್ರತೆ 45ರಿಂದ 55 ಪ್ರತಿಶತದ ಆಸುಪಾಸಿನಲ್ಲಿದ್ದರೆ ವಾದ್ಯ ನೆಮ್ಮದಿಯಿಂದಿರುತ್ತದೆ. ಹೊರಗೋಡೆಗೆ ತಾಗಿಸಿ ಇಡಬೇಡಿ, ಏಸಿಯ ಗಾಳಿ ನೇರವಾಗಿ ಬಡಿಯುವ ಜಾಗವೂ ಬೇಡ. ನುಡಿಸಿದ ಮೇಲೆ ಒಣಬಟ್ಟೆಯಿಂದ ತಂತಿಗಳನ್ನು ಒರೆಸಿ. ಕಡಲ ಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ.

ಶಿಕ್ಷೆ ಎಂಬ ಮಾತಿಗೆ ಮಾತ್ರ ನನ್ನ ಒಪ್ಪಿಗೆಯಿಲ್ಲ, ಏಕೆಂದರೆ ಈ ವಾದ್ಯದಲ್ಲಿ ನನಗೆ ಅತ್ಯಂತ ಪ್ರಿಯವಾದ ಕೆಲಸ ಅದೇ. ಜೋಡಿಯ ಒಂದು ತಂತಿಯನ್ನು ಶ್ರುತಿಯಂತ್ರ ನೋಡಿ ಸರಿಮಾಡಿ. ಎರಡನೆಯದನ್ನು ಕಣ್ಣು ಮುಚ್ಚಿ ಕಿವಿಯಿಂದಲೇ ಕೂಡಿಸಿ. ಸ್ವಲ್ಪ ತಗ್ಗಿಸಿಕೊಂಡು ಕೆಳಗಿನಿಂದ ಮೇಲಕ್ಕೆ ಬನ್ನಿ. ಬಿರಡೆಯ ಕೀಲಿಯನ್ನು ತಿರುಗಿಸುವುದಲ್ಲ, ಬರಿಯ ಒತ್ತಡ ಕೊಟ್ಟಷ್ಟೇ ಸಾಕು. ಎರಡೂ ತಂತಿಗಳ ನಡುವೆ ಮೊದಲು ವಂವ್ ವಂವ್ ಎಂದು ಬೇಗ ಬೇಗ ಏಳುತ್ತಿದ್ದ ಅಲೆ ನಿಧಾನವಾಗುತ್ತ, ಉದ್ದವಾಗುತ್ತ, ಒಂದು ಕ್ಷಣದಲ್ಲಿ ಅಡಗಿಹೋಗುತ್ತದೆ, ಆಗ ಎರಡು ತಂತಿಗಳು ಒಂದೇ ಗಂಟೆಯಾಗಿ ನುಡಿಯುತ್ತವೆ. ಮೊದಲ ತಿಂಗಳು ನನಗೆ ಇದಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು, ಈಗ ಇಪ್ಪತ್ತೈದು ನಿಮಿಷ ಸಾಕು. ಮಳೆ ಹಿಡಿದ ವಾರದಲ್ಲಿ ಎಲ್ಲ ಜೋಡಿಗಳನ್ನೂ ಯಂತ್ರದ ಗುರಿಗೆ ಎಳೆದು ತರುವ ಹಟ ಬೇಡ. ಇಡೀ ವಾದ್ಯ ಸಮನಾಗಿ ಏರಿದ್ದರೆ ಆ ಏರಿದ ಷಡ್ಜವನ್ನೇ ಆಧಾರಶ್ರುತಿಯಾಗಿ ಇಟ್ಟುಕೊಂಡು, ಕೆಟ್ಟ ಜೋಡಿಗಳನ್ನಷ್ಟೇ ಅದಕ್ಕೆ ಹೊಂದಿಸಿ ನುಡಿಸಿ. ಒಬ್ಬರೇ ನುಡಿಸುವಾಗ ಅದರಿಂದ ಯಾವ ಬಾಧಕವೂ ಇಲ್ಲ.