ಮಾರ್ಚ್ ಕೊನೆಗೆ ಉಡುಪಿಯಲ್ಲಿ ವಲಸೆ ಹಕ್ಕಿಗಳು

ಮಾರ್ಚ್ ಕೊನೆಯ ವಾರ ಉಡುಪಿಗೆ ಬರುವಷ್ಟರಲ್ಲಿ ವಲಸೆ ಹಕ್ಕಿಗಳೆಲ್ಲ ಹೋಗಿಬಿಟ್ಟಿರುತ್ತವಾ ಅಂತ ಕೇಳಿದ್ದೀರಿ. ಇಲ್ಲ, ಧೈರ್ಯವಾಗಿ ಬನ್ನಿ. ನನಗಂತೂ ಡಿಸೆಂಬರಿಗಿಂತ ಆ ಸಮಯವೇ ಇಷ್ಟ. ಚಳಿಗಾಲವಿಡೀ ಮಣ್ಣಿನ ಬಣ್ಣಕ್ಕಿದ್ದ ಸ್ಯಾಂಡ್ ಪ್ಲೋವರ್ ಎಂಬ ಪುಟ್ಟ ದಡದ ಹಕ್ಕಿಗಳ ಎದೆಗೆ ಆಗ ಇಟ್ಟಿಗೆ ಕೆಂಪು ಏರುತ್ತಿರುತ್ತದೆ. ಒಂದೇ ಗುಂಪಿನಲ್ಲಿ ಒಂದು ಪೂರ್ತಿ ಕೆಂಪು, ಪಕ್ಕದ್ದಕ್ಕೆ ಬರೀ ನಾಲ್ಕು ಗರಿ. ಬ್ರೌನ್ ಹೆಡೆಡ್ ಗಲ್ ಎಂಬ ಕಡಲಹಕ್ಕಿಗಳೂ ಹಾಗೆಯೇ: ಕಿವಿಯ ಹತ್ತಿರ ಕಪ್ಪು ಚುಕ್ಕೆಯಷ್ಟೇ ಇದ್ದ ತಲೆಗೆ ಕಂದು ಟೊಪ್ಪಿ ಬರುತ್ತದೆ.

ಕೋಡಿ ಬೆಂಗ್ರೆಗೆ ಹೋಗಿ, ಸೀತಾ-ಸ್ವರ್ಣಾ ನದಿಗಳು ಕಡಲು ಸೇರುವ ಅಳಿವೆ. ಕಡಲಿನ ಇಳಿತ ಶುರುವಾಗುವಾಗ ಅಲ್ಲಿರಿ. ಕೆಸರು ಆಗಷ್ಟೇ ತೆರೆದುಕೊಂಡಾಗ ಹಕ್ಕಿಗಳು ಮೇಯಲು ಇಳಿಯುತ್ತವೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಹಿಂದಿನ ದಿನವೇ ನೋಡಿಕೊಳ್ಳಿ. ಬೆಳಿಗ್ಗೆ ಹೊಳೆಯ ಕಡೆ ತಿರುಗಿದರೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ಕಡಲ ಬದಿಯಲ್ಲಿ ಸೂರ್ಯ ಬೆನ್ನಿಗಿರುತ್ತಾನೆ. ಮೀನುಗಾರರು ಕೈರಂಪಣಿ ಬಲೆ (ದಡದಿಂದ ಕೈಯಲ್ಲೇ ಎಳೆಯುವ ಮೀನುಬಲೆ) ಎಳೆಯುತ್ತಿದ್ದರೆ ಅಲ್ಲೇ ನಿಲ್ಲಿ, ಗಲ್‌ಗಳು ತಾವಾಗಿ ಬರುತ್ತವೆ.

ಒಂದೇ ವಿನಂತಿ: ಹಾರುವ ಫೋಟೋಗೋಸ್ಕರ ಗುಂಪನ್ನು ಎಬ್ಬಿಸಬೇಡಿ. ಹಿಮಾಲಯ ದಾಟಿ ಹೋಗುವ ಹಕ್ಕಿಗಳು ಅವು. ಆ ದಾರಿಗೆ ಬೇಕಾದ ಕೊಬ್ಬನ್ನು ಈಗ ಈ ಕೆಸರಲ್ಲೇ ಹೆಕ್ಕಿ ತುಂಬಿಕೊಳ್ಳಬೇಕು.