ಕಲ್ಲಿಗೆ ಎಡವಿದವರು ‘ಟಾಪಲ್’ ಆಗುವುದಿಲ್ಲ

ಪ್ರಶ್ನೆ: ‘ಕಲ್ಲಿಗೆ ಎಡವಿ ಬಿದ್ದೆ’ ಎನ್ನಲು ‘ಐ ಟಾಪಲ್ಡ್ ಆನ್ ಎ ಸ್ಟೋನ್’ ಎಂದು ಬರೆದೆ. ಟೀಚರ್ ಕೆಂಪು ಗೆರೆ ಎಳೆದರು. ಟಾಪಲ್ ಅಂದರೂ ಬೀಳುವುದೇ ಅಲ್ವಾ?

ಉತ್ತರ: ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ತಪ್ಪು ನಿಮ್ಮದಲ್ಲ. ‘ಟಾಪಲ್ ಅಂದರೆ ಬೀಳು’ ಎಂದು ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸುವವರದ್ದು. ಕನ್ನಡದಲ್ಲಿ ಎಡವುತ್ತೇವೆ, ಮುಗ್ಗರಿಸುತ್ತೇವೆ, ಜಾರುತ್ತೇವೆ, ಕುಸಿಯುತ್ತೇವೆ. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕುವುದಿಲ್ಲ. ಇಂಗ್ಲಿಷ್ ಬರೆಯಲು ಕೂತ ಕೂಡಲೇ ಎಲ್ಲವೂ ಒಂದೇ ಆಗಿಬಿಡುತ್ತದೆ, ಯಾಕೋ!

ಮೊನ್ನೆ ಮೇಜಿನ ಮೇಲೆ ಸಣ್ಣ ಪುಸ್ತಕಗಳನ್ನು ಪೇರಿಸಿ, ಸೋಮಾರಿತನಕ್ಕೆ ದಪ್ಪ ನಿಘಂಟನ್ನು ಅವುಗಳ ಮೇಲೇ ಇಟ್ಟಿದ್ದೆ. ಮೊಣಕೈ ತಾಗಿತು. ರಾಶಿ ಮೆಲ್ಲಗೆ ವಾಲಿತು. ಕೈ ಚಾಚುವಷ್ಟರಲ್ಲಿ ಮೇಲಿನದ್ದೆಲ್ಲ ಧೊಪ್ಪನೆ ಉರುಳಿತು. ಅಡಿಯ ಎರಡು ಪುಸ್ತಕ ಮಾತ್ರ ಕೂತಲ್ಲೇ ಇದ್ದವು. ಇದು ಟಾಪಲ್. ಅದೇ ಏಟಿಗೆ ಪೆನ್ನು ನೆಲಕ್ಕೆ ಬಿತ್ತು. ಅದು ಬರೀ ಫಾಲ್. ನೆಟ್ಟಗೆ ನಿಂತದ್ದು ಆಯ ತಪ್ಪಿ, ವಾಲಿ ಬೀಳಬೇಕು, ಆಗಲೇ ಟಾಪಲ್.

ಪದದೊಳಗೇ ‘ಟಾಪ್’ ಇದೆ. 16ನೇ ಶತಮಾನದಲ್ಲಿ ಅದಕ್ಕೊಂದು ಬಾಲ ಸೇರಿ ಹುಟ್ಟಿದ ಪದ ಇದು, ಸ್ಪಾರ್ಕ್‌ಗೆ ಬಾಲ ಸೇರಿ ಸ್ಪಾರ್ಕಲ್ ಆದ ಹಾಗೆ. ‘ಟಾಪ್ ಮತ್ತು ಪುಲ್ ಸೇರಿ ಟಾಪಲ್’ ಎಂದು ಹೇಳಿಕೊಡುವವರ ಕ್ಲಾಸಿಗೆ ದಯವಿಟ್ಟು ದುಡ್ಡು ಕಟ್ಟಬೇಡಿ.

ಕಾಲಿಗೆ ಏನೋ ತಗುಲಿ ಎಡವುವುದು ಟ್ರಿಪ್. ನೀವು ಬರೆಯಬೇಕಿದ್ದದ್ದು ‘ಐ ಟ್ರಿಪ್ಡ್ ಓವರ್ ಎ ಸ್ಟೋನ್ ಅಂಡ್ ಫೆಲ್’. ಮುಗ್ಗರಿಸಿ ಸಾವರಿಸಿಕೊಂಡರೆ ಸ್ಟಂಬಲ್. ಉರುಳುತ್ತಾ ಹೋದರೆ ಟಂಬಲ್. ಹಾಗಂತ ಮನುಷ್ಯರು ಟಾಪಲ್ ಆಗುವುದೇ ಇಲ್ಲ ಅಂತಲ್ಲ. ಸ್ಟೂಲಿನ ಮೇಲೆ ನಿಂತು ಆಯ ತಪ್ಪಿದರೆ ಆಗುತ್ತಾರೆ.

ಸರ್ಕಾರ ಉರುಳಿಸುವುದಕ್ಕೂ ಇದೇ ಪದ. ಅಲ್ಲಿ ಜಾಸ್ತಿ ಜನ ಸುಮ್ನೆ ‘ಓವರ್’ ಸೇರಿಸುತ್ತಾರೆ. ರಾಶಿ ‘ಟಾಪಲ್ಡ್ ಓವರ್’ ಆಗಬಹುದು, ಆದರೆ ಸರ್ಕಾರ ಉರುಳಿಸುವಾಗ ‘ಟಾಪಲ್ ದಿ ಗವರ್ನ್‌ಮೆಂಟ್’ ಅಷ್ಟೇ. ಬೆಲೆ ಇಳಿದದ್ದಕ್ಕೆ ಮಾತ್ರ ಟಾಪಲ್ ಬಳಸಬೇಡಿ. ನಾನಂತೂ ಕಂಡಲ್ಲೆಲ್ಲ ಹೊಡೆದುಹಾಕುತ್ತೇನೆ.

ಪ್ರಶ್ನೆ: ಫಾಲ್‌ಗೆ ಭೂತಕಾಲ ಫೆಲ್ಡ್ ಅಲ್ವಾ?

ಉತ್ತರ: ಅಲ್ಲ, ಫೆಲ್. ಫೆಲ್ಡ್ ಅಂದರೆ ಮರ ಕಡಿದು ಕೆಡವಿದರು ಎಂದು.

ಪ್ರಶ್ನೆ: ತರಗತಿಗೆ ಮೊದಲು ಬರುವವರು ಟಾಪರ್. ಹಾಗಾದರೆ ಮೊದಲು ಬರುವುದು ಟಾಪಲ್?

ಉತ್ತರ: ಇಲ್ಲ.

ಪ್ರಶ್ನೆ: ಕೀಲ್ ಓವರ್ ಅಂದರೆ ತಲೆಸುತ್ತಿ ಬೀಳುವುದಾ?

ಉತ್ತರ: ಹೌದು, ಇದ್ದಕ್ಕಿದ್ದಂತೆ ಕುಸಿದು ಬೀಳುವುದು. ಕೀಲ್ ಎಂದರೆ ಹಡಗಿನ ತಳದ ಬೆನ್ನುಮೂಳೆ. ಹಡಗು ಮಗುಚಿದರೆ ಅದು ಮೇಲಕ್ಕೆ ಬರುತ್ತದೆ. ಪದದಲ್ಲಿ ಸ್ವಲ್ಪ ತಮಾಷೆಯ ಛಾಯೆ ಇದೆ. ರಜೆ ಚೀಟಿಯಲ್ಲಿ ಅಜ್ಜಿಯ ಬಗ್ಗೆ ಹೀಗೆ ಬರೆಯಬೇಡಿ.