ಎನ್‌ಸಿಸಿ ಮಕ್ಕಳಿಗೆ ಗುಣ ಬೆಳೆಸುವ ಪಾಠ: ಸಾಮಗ್ರಿ ಎಲ್ಲಿದೆ, ಹೇಗೆ ಬಳಸಬೇಕು

ಮೇಡಂ, ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ಈ ವರ್ಷ ನಿಮ್ಮ ಪ್ರೌಢಶಾಲೆಯ ಎನ್‌ಸಿಸಿ ಜವಾಬ್ದಾರಿ ನಿಮಗೆ ಬಂದಿದೆ. ಡ್ರಿಲ್, ರೈಫಲ್ ಎಲ್ಲ ಬೆಟಾಲಿಯನ್‌ನಿಂದ ಬರುವ ಪಿಐ ಸ್ಟಾಫ್, ಅಂದರೆ ಸೇನೆಯ ತರಬೇತುದಾರರು, ನೋಡಿಕೊಳ್ಳುತ್ತಾರೆ. ವ್ಯಕ್ತಿತ್ವ ವಿಕಸನ, ನಾಯಕತ್ವ, ಸಮಾಜ ಸೇವೆಯ ಪೀರಿಯಡ್‌ಗಳು ನಿಮ್ಮ ಪಾಲಿಗೆ ಉಳಿದಿವೆ. ಕೈಪಿಡಿ ಇಂಗ್ಲಿಷ್‌ನಲ್ಲಿದೆ, ಮಕ್ಕಳು ಕನ್ನಡ ಮಾಧ್ಯಮದವರು. ನೆಟ್‌ನಿಂದ ಇಳಿಸಿದ ಪಿಪಿಟಿ ತೋರಿಸಿದರೆ ಆಕಳಿಸುತ್ತಾರೆ. ಒಳ್ಳೆ ಸಾಮಗ್ರಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ನಮ್ಮ ಈ ಗುಂಪಿನಲ್ಲಿ ಹಲವರಿಗಿದೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಮಾತು. ಸುಳ್ಳು ಹೇಳಬಾರದು, ಹಿರಿಯರಿಗೆ ಗೌರವ ಕೊಡಬೇಕು ಅನ್ನುವುದೆಲ್ಲ ಎಂಟನೇ ಕ್ಲಾಸಿನ ಮಗುವಿಗೆ ಗೊತ್ತು. ಅದನ್ನೇ ಮತ್ತೆ ಹೇಳಿದರೆ ಆಕಳಿಸದೆ ಇನ್ನೇನು ಮಾಡುತ್ತಾರೆ? ಎರಡು ಒಳ್ಳೆಯ ವಿಷಯಗಳು ಎದುರುಬದುರು ನಿಂತಾಗ ಯಾವುದನ್ನು ಹಿಡಿಯಬೇಕು ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ನಮಗೂ ಎಷ್ಟೋ ಸಲ ಗೊತ್ತಿರುವುದಿಲ್ಲ, ಅಲ್ವಾ? ಹಾಗಾಗಿ ಸಾಮಗ್ರಿ ಹುಡುಕುವಾಗ ಒಂದೇ ಒಂದು ನೋಡಿ: ಮಕ್ಕಳು ವಾದ ಮಾಡುವಂಥ ಸಂದರ್ಭ ಇದರಲ್ಲಿ ಇದೆಯಾ? ಇದ್ದರೆ ಇಟ್ಟುಕೊಳ್ಳಿ. ಬರೀ ಉಪದೇಶ ಇದ್ದರೆ ಬಿಟ್ಟುಬಿಡಿ.

ಈಗ ಎಲ್ಲಿ ಹುಡುಕುವುದು ಅನ್ನುವುದಕ್ಕೆ ಬರೋಣ. ಎನ್‌ಸಿಸಿ ಮಹಾನಿರ್ದೇಶನಾಲಯದಿಂದ 2020ರ ಆಗಸ್ಟ್‌ನಲ್ಲಿ ಬಂದ ಡಿಜಿಎನ್‌ಸಿಸಿ ಟ್ರೈನಿಂಗ್ ಆ್ಯಪ್‌ನಲ್ಲಿ ಸಿಲಬಸ್, ಪಾಠದ ಟಿಪ್ಪಣಿ, ವಿಡಿಯೋ ಇವೆ. ಪರೀಕ್ಷೆಗೆ ಏನು ಬೇಕು ಅಂತ ತಿಳಿಯಲು ಅದು ಸಾಕು. ವಿಷಯದ ಹೆಸರುಗಳನ್ನು ಅಲ್ಲಿಂದ ತೆಗೆದುಕೊಳ್ಳಿ, ಪಾಠ ಮಾತ್ರ ನೀವೇ ಕಟ್ಟಿ.

ನಮ್ಮವರು ಅಷ್ಟಾಗಿ ನೋಡದ ಇನ್ನೊಂದು ಕೈಪಿಡಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ (ಎಸ್‌ಪಿಸಿ) ಯೋಜನೆಯದು. ಕೇರಳದಲ್ಲಿ 2010ರಲ್ಲಿ ಶುರುವಾಗಿ, 2018ರ ಜುಲೈನಲ್ಲಿ ಇಡೀ ದೇಶಕ್ಕೆ ಬಂದ ಯೋಜನೆ ಇದು. 8 ಮತ್ತು 9ನೇ ತರಗತಿಯವರಿಗೆ ಮಾಡಿದ್ದು, ಅಂದರೆ ನಿಮ್ಮ ಮಕ್ಕಳ ವಯಸ್ಸೇ. ಇದರಲ್ಲಿ ಪಠ್ಯಪುಸ್ತಕ ಇಲ್ಲ, ಪರೀಕ್ಷೆಯೂ ಇಲ್ಲ. ರಸ್ತೆ ಸುರಕ್ಷತೆ, ಭ್ರಷ್ಟಾಚಾರ, ಹೆಣ್ಣುಮಕ್ಕಳ ಸುರಕ್ಷತೆ ಒಂದು ಕಡೆ. ತಾಳ್ಮೆ, ಸಹನೆ, ಇನ್ನೊಬ್ಬರ ನೋವು ಅರಿಯುವುದು, ತಂಡವಾಗಿ ದುಡಿಯುವುದು ಇನ್ನೊಂದು ಕಡೆ. ಕೇಂದ್ರ ಗೃಹ ಇಲಾಖೆಯ ಪೊಲೀಸ್ ಸಂಶೋಧನಾ ಸಂಸ್ಥೆ ಬಿಪಿಆರ್‌ಡಿ ಎನ್‌ಸಿಇಆರ್‌ಟಿ ಜೊತೆ ಸೇರಿ ಇದರ ಕೈಪಿಡಿ ಮಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಎಸ್‌ಪಿಸಿ ನಡೆಯುವ ಸರ್ಕಾರಿ ಶಾಲೆ ಇದ್ದರೆ ಅಲ್ಲಿನ ಮೇಷ್ಟ್ರನ್ನು ಒಂದು ಸಲ ಮಾತಾಡಿಸಿ.

ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದ ಸಾಮಗ್ರಿಯನ್ನೂ ನೋಡಿ. ಇದು 2020ರಲ್ಲಿ ಶುರುವಾಯಿತು. ಇದರ 11 ವಿಷಯಗಳಲ್ಲಿ ಮೌಲ್ಯಗಳು ಮತ್ತು ಜವಾಬ್ದಾರಿಯುತ ಪೌರತ್ವ ಒಂದು. ಭಾವನೆಗಳನ್ನು ನಿಭಾಯಿಸುವುದು, ದುಶ್ಚಟ ತಡೆ, ಇಂಟರ್ನೆಟ್ ಸುರಕ್ಷತೆ ಕೂಡ ಇವೆ. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಡಬೇಕು ಅನ್ನುವುದು ಈ ಯೋಜನೆಯಲ್ಲೇ ಇದೆ. ನಿಮ್ಮ ಸ್ಟಾಫ್ ರೂಮಿನಲ್ಲೇ ಆ ಕೈಪಿಡಿ ಇರಬಹುದು, ಕೇಳಿ ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನವರು ಹೈಸ್ಕೂಲ್ ಮಕ್ಕಳಿಗಾಗಿ ಮಾಡಿದ ಜೀವನ ಕೌಶಲದ ಚಟುವಟಿಕೆಗಳನ್ನೂ ಮೇಷ್ಟ್ರುಗಳೇ ನಡೆಸಬಹುದು. ಇಂಗ್ಲಿಷ್ ಓದಲು ತೊಂದರೆ ಇಲ್ಲದಿದ್ದರೆ ಅಮೆರಿಕದ ವಾಯುಪಡೆಗೆ ನೆರವಾಗುವ ಸ್ವಯಂಸೇವಾ ಸಂಸ್ಥೆ ಸಿವಿಲ್ ಏರ್ ಪೆಟ್ರೋಲ್‌ನ ಕೆಡೆಟ್ ಪಾಠಗಳನ್ನೂ ನೋಡಿ. ಅವು ಒಂದು ಸಂದರ್ಭ ಕೊಟ್ಟು ಚರ್ಚೆಗೆ ಬಿಡುವ ರೀತಿಯವು. ಅಲ್ಲಿನ ಕಥೆಗಳು ನಮ್ಮ ಮಕ್ಕಳಿಗೆ ದೂರದವು, ಕ್ರಮ ಮಾತ್ರ ಕಲಿಯಿರಿ.

ವಾಟ್ಸಾಪ್‌ನಲ್ಲಿ ಕಲಾಂ, ವಿವೇಕಾನಂದರ ಹೆಸರಿನಲ್ಲಿ ಓಡಾಡುವ ನುಡಿಮುತ್ತುಗಳನ್ನು ದಯವಿಟ್ಟು ಪಾಠಕ್ಕೆ ತರಬೇಡಿ. ಎಷ್ಟೋ ಮಾತು ಅವರದ್ದೇ ಅಲ್ಲ. ಪ್ರಾಮಾಣಿಕತೆಯ ಪಾಠದಲ್ಲೇ ಸುಳ್ಳು ಸೇರಿಕೊಳ್ಳಬಾರದು.

ಇನ್ನು ಪಾಠ ಹೇಗಿರಬೇಕು ಅಂತ ಒಂದು ಉದಾಹರಣೆ ಕೊಡುತ್ತೇನೆ. ಹೈಸ್ಕೂಲ್ ಕೆಡೆಟ್‌ಗಳು ಬರೆಯುವ ಎನ್‌ಸಿಸಿ ಎ ಸರ್ಟಿಫಿಕೇಟ್ ಪರೀಕ್ಷೆಗೆ ಕೂರಲು 75% ಹಾಜರಾತಿ ಬೇಕು ಅಂತ ನಿಮಗೆ ಗೊತ್ತು. ಸಂದರ್ಭ ಇದು: ಹಾಜರಾತಿ ಬರೆಯುವ ಜವಾಬ್ದಾರಿ ಒಬ್ಬ ಕೆಡೆಟ್ ಸಾರ್ಜೆಂಟ್ ಹುಡುಗಿಯದು. ಅವಳ ಜೀವದ ಗೆಳತಿಗೆ ಎರಡು ಪರೇಡ್ ಕಡಿಮೆ ಬೀಳುತ್ತಿದೆ. ಗೆಳತಿ ತಪ್ಪಿಸಿಕೊಂಡಿದ್ದು ಸೋಮಾರಿತನಕ್ಕಲ್ಲ. ಅಮ್ಮ ಆಸ್ಪತ್ರೆಯಲ್ಲಿದ್ದರು, ತಮ್ಮನನ್ನು ನೋಡಿಕೊಳ್ಳಬೇಕಿತ್ತು. "ಎರಡು ಟಿಕ್ ಹಾಕು, ಯಾರಿಗೂ ಗೊತ್ತಾಗಲ್ಲ" ಅಂತ ಕೇಳುತ್ತಾಳೆ. ಏನು ಮಾಡಬೇಕು?

ಇದನ್ನು ಚೀಟಿಯಲ್ಲಿ ಬರೆದು ಐದೈದು ಮಕ್ಕಳ ಗುಂಪಿಗೆ ಕೊಡಿ. ಮೊದಲು ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಸುಮ್ನೆ ಬರೆದಿಟ್ಟುಕೊಳ್ಳಲಿ, ಇಲ್ಲದಿದ್ದರೆ ಜೋರಾಗಿ ಮಾತಾಡುವವನ ಉತ್ತರವೇ ಎಲ್ಲರ ಉತ್ತರ ಆಗುತ್ತದೆ. ಆಮೇಲೆ ಟಿಕ್ ಹಾಕುತ್ತೇವೆ ಅನ್ನುವವರು ಒಂದು ಕಡೆ, ಹಾಕುವುದಿಲ್ಲ ಅನ್ನುವವರು ಇನ್ನೊಂದು ಕಡೆ ನಿಲ್ಲಲಿ. ಕಾರಣ ಕೇಳಿ. ನಡುವೆ ಮನಸ್ಸು ಬದಲಾದವರು ಕಡೆ ಬದಲಿಸಬಹುದು. ನಿಮ್ಮ ಅಭಿಪ್ರಾಯ ಕೊನೆಯವರೆಗೂ ಹೇಳಬೇಡಿ, ಮುಖದಲ್ಲೂ ತೋರಿಸಬೇಡಿ. ಮಕ್ಕಳು ನಮ್ಮ ಮುಖ ಓದಿ ಉತ್ತರ ಹೇಳುವುದರಲ್ಲಿ ಬಹಳ ಹುಷಾರು! ಸಾಮಾನ್ಯವಾಗಿ ಯಾರಾದರೂ ಒಬ್ಬರು ಮೂರನೇ ದಾರಿ ತೆಗೆಯುತ್ತಾರೆ: ಇಬ್ಬರೂ ಸೇರಿ ಮೇಡಂ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳೋಣ, ಬೆಟಾಲಿಯನ್‌ನಲ್ಲಿ ಏನಾದರೂ ದಾರಿ ಇದೆಯಾ ಕೇಳೋಣ. ಆಗ ನೀವು ಕೇಳಬೇಕಾದ ಪ್ರಶ್ನೆ ಇದು: "ದಾರಿ ಇಲ್ಲ ಅಂತ ಮೇಡಂ ಹೇಳಿದರೆ?" ನಿಜವಾದ ಚರ್ಚೆ ಶುರುವಾಗುವುದು ಅಲ್ಲಿಂದ.

ಇಂಥ ಸಂದರ್ಭಗಳು ಎನ್‌ಸಿಸಿಯೊಳಗೇ ತುಂಬಿಕೊಂಡಿವೆ. ಫೈರಿಂಗ್ ಮುಗಿದ ಮೇಲೆ .22 ರೈಫಲ್‌ನ ಖಾಲಿ ಖೋಕಾಗಳನ್ನು (ಗುಂಡು ಹಾರಿದ ಮೇಲೆ ಉಳಿಯುವ ಕವಚ) ಎಣಿಸಿ ಒಪ್ಪಿಸಬೇಕಲ್ಲ, ಒಂದು ಕಡಿಮೆ ಇದೆ. ನೆನಪಿಗೆ ಅಂತ ಜೇಬಿಗೆ ಹಾಕಿಕೊಂಡವನು ನಿಮ್ಮ ಪಕ್ಕದವನು. ಎಲ್ಲರೂ ಬಿಸಿಲಲ್ಲಿ ಹುಡುಕುತ್ತಿದ್ದಾರೆ. ಹೇಳುತ್ತೀರಾ? ಅಥವಾ ಪರೇಡ್ ತಿಂಡಿ ಹಂಚುವಾಗ ನಾಲ್ಕು ಪೊಟ್ಟಣ ಉಳಿಯಿತು. ಹಂಚಿದವರಿಗಾ, ಬಡ ಮಕ್ಕಳಿಗಾ, ಎಲ್ಲರೆದುರು ಎತ್ತಿ ಕೊಟ್ಟರೆ ಆ ಮಗುವಿಗೆ ಹೇಗನ್ನಿಸುತ್ತದೆ?

ದೊಡ್ಡವರ ಜೀವನ ಹೇಳುವಾಗಲೂ ಇದೇ ಕ್ರಮ. ಕೊಡಗಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ 1949ರ ಜನವರಿ 15ರಂದು ಭಾರತದ ಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾದರು ಅನ್ನುವುದು ಪರೀಕ್ಷೆಗೆ ಬೇಕು. ಪಾಠಕ್ಕೆ ಬೇಕಾದದ್ದು 1965ರ ಭಾರತ-ಪಾಕಿಸ್ತಾನ ಯುದ್ಧದ ಕಥೆ. ಕಾರ್ಯಪ್ಪನವರು ಆಗ ನಿವೃತ್ತರಾಗಿದ್ದರು, ಅವರ ಮಗ ವಾಯುಪಡೆಯ ಪೈಲಟ್. ಆ ಯುದ್ಧದಲ್ಲಿ ಮಗ ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಆಗ ಅಲ್ಲಿ ಅಧ್ಯಕ್ಷರಾಗಿದ್ದ ಆಯೂಬ್ ಖಾನ್, ವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಇದ್ದವರು. ಬೇಕಾದರೆ ನಿಮ್ಮ ಮಗನನ್ನು ಬಿಡುತ್ತೇವೆ ಅನ್ನುವ ಸಂದೇಶ ಬಂತು. ಕಥೆ ಇಲ್ಲಿಗೇ ನಿಲ್ಲಿಸಿ. ಅಪ್ಪನಾಗಿ ಏನು ಹೇಳುತ್ತೀರಿ? ಮಗನೇ ಆಗಿದ್ದರೆ ಏನು ಬಯಸುತ್ತೀರಿ? ಜೊತೆಗೆ ಸೆರೆಯಲ್ಲಿದ್ದ ಬೇರೆ ಸೈನಿಕರ ಮನೆಯವರು ಏನೆನ್ನುತ್ತಾರೆ? ಇಷ್ಟು ಚರ್ಚೆ ಆದ ಮೇಲೆ, ಸೆರೆಸಿಕ್ಕ ಎಲ್ಲರಂತೆಯೇ ತಮ್ಮ ಮಗನನ್ನೂ ನಡೆಸಿಕೊಳ್ಳಿ ಅಂತ ಕಾರ್ಯಪ್ಪನವರು ಹೇಳಿದ್ದನ್ನು ತಿಳಿಸಿ. ಕ್ಲಾಸು ಹೇಗೆ ನಿಶ್ಶಬ್ದವಾಗುತ್ತದೆ ನೋಡಿ.

ಪಿಐ ಹವಾಲ್ದಾರರನ್ನೂ ಒಂದು ಪೀರಿಯಡ್ ಕೂರಿಸಿಕೊಳ್ಳಿ. ಸಾಹಸದ ಕಥೆ ಕೇಳಬೇಡಿ. ಮನೆ ನೆನಪಾದಾಗ ಏನು ಮಾಡುತ್ತಿದ್ದರು, ಇಷ್ಟವಿಲ್ಲದ ಆದೇಶ ಬಂದಾಗ ಹೇಗೆ ತಗೊಂಡರು ಅಂತ ಕೇಳಿ. ಅವರು ಹಿಂದಿಯಲ್ಲಿ ಹೇಳಿದ್ದನ್ನು ನೀವು ಕನ್ನಡಕ್ಕೆ ತಿರುಗಿಸಿ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡ ಸಾಮಗ್ರಿ ಕೆಲಸ ಹಂಚುವುದರಲ್ಲಿದೆ. ಯೂನಿಫಾರಂ, ಬೂಟು ಕೊಡುವ ರಿಜಿಸ್ಟರ್ ಬರೆಯುವುದನ್ನು ಯಾವಾಗಲೂ ಚುರುಕಾದವರಿಗೇ ಕೊಡಬೇಡಿ. ಮಾತಾಡದ ಮಗುವಿಗೆ ಒಂದು ತಿಂಗಳು ಕೊಡಿ. ತಿಂಗಳ ಕೊನೆಗೆ ಕೂತು, ಏನು ಕಷ್ಟ ಆಯಿತು, ಯಾರು ಒತ್ತಾಯ ಮಾಡಿದರು ಅಂತ ಮಾತಾಡಿಸಿ. ಅಂಕ ಬೇಡ. ಗುಣಕ್ಕೆ ಅಂಕ ಕೊಟ್ಟರೆ ಮಕ್ಕಳು ಅಂಕಕ್ಕೇ ನಡೆದುಕೊಳ್ಳುತ್ತಾರೆ.

ಎರಡು ಎಚ್ಚರಿಕೆ. ನಿಮ್ಮ ಶಾಲೆಯಲ್ಲೇ ನಡೆದ ಘಟನೆಯನ್ನು ಹೆಸರು ಬದಲಿಸಿದರೂ ಚರ್ಚೆಗೆ ತರಬೇಡಿ, ಎಲ್ಲರಿಗೂ ಗೊತ್ತಾಗುತ್ತದೆ. ಮತ್ತೆ, ಇಂಥ ಪಾಠ ಶುರುವಾದ ಮೇಲೆ ಯಾವುದಾದರೂ ಮಗು ಮನೆಯ ಹಿಂಸೆ ಹೇಳಿಕೊಳ್ಳಬಹುದು. ಅದನ್ನು ಗುಂಪಿನಲ್ಲಿ ಮುಂದುವರಿಸಬೇಡಿ. ಪ್ರತ್ಯೇಕವಾಗಿ ಕೇಳಿ, ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ. ಮಕ್ಕಳ ಸಹಾಯವಾಣಿ 1098 ಇದೆ. ಲೈಂಗಿಕ ದೌರ್ಜನ್ಯದ ವಿಷಯ ಆದರೆ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಅದು ನಮ್ಮ ಇಷ್ಟಕ್ಕೆ ಬಿಟ್ಟಿದ್ದಲ್ಲ.

ಮೊದಲ ಪೀರಿಯಡ್‌ಗೆ ಹಾಜರಾತಿ ಸಂದರ್ಭವನ್ನೇ ತಗೊಳ್ಳಿ. ನಾನು ಬಳಸುವ ಚೀಟಿಗಳನ್ನೆಲ್ಲ ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದೇನೆ, ಈ ವಾರ ಗುಂಪಿಗೆ ಹಾಕುತ್ತೇನೆ. ನಿಮ್ಮದು ಹುಡುಗಿಯರ ಟ್ರೂಪ್ ಮಾತ್ರವೇ, ಹುಡುಗರೂ ಇದ್ದಾರೆಯೇ ತಿಳಿಸಿ. ಅದನ್ನು ನೋಡಿಕೊಂಡು ಕ್ಯಾಂಪಿನ ಸಂದರ್ಭಗಳನ್ನು ಸ್ವಲ್ಪ ಬದಲಿಸಿ ಕಳಿಸುತ್ತೇನೆ.